ಸ್ಪೇಸ್ ಬಾರ್ ಒತ್ತಿ ಕೂರಿಸಿದ ಬೀಗರು

ಕಂಪ್ಯೂಟರಿನಲ್ಲಿ ಲಗ್ನಪತ್ರಿಕೆ ಜೋಡಿಸುವುದರಲ್ಲಿ ಇಡೀ ಪುಣೆಯಲ್ಲಿ ನನ್ನನ್ನು ಮೀರಿಸುವವರಿಲ್ಲ. ಸಾಲು ಸರಿಹೊಂದಿಸುವ ಟ್ಯಾಬ್, ಟೇಬಲ್ ಎಲ್ಲ ಕೈಲಾಗದವರಿಗೆ. ತಮ್ಮನ ಮಗಳ ಪತ್ರಿಕೆಯಲ್ಲಿ ನಾನು ಬರೀ ಸ್ಪೇಸ್ ಬಾರ್ ಒತ್ತಿ, ಎಡಕ್ಕೆ ನಮ್ಮವರ ಹೆಸರು, ಬಲಕ್ಕೆ ಬೀಗರ ಹೆಸರು, ಸೈನ್ಯದಂತೆ ನಿಲ್ಲಿಸಿದ್ದೆ.

ಭೋಸರಿಯ ಪ್ರಿಂಟಿಂಗ್ ಅಂಗಡಿಗೆ ನನ್ನ ಜೊತೆ ವರನ ಸೋದರಮಾವನವರೂ ಬಂದರು. ದೌಂಡದಲ್ಲಿ ರೈಲ್ವೆಯಿಂದ ನಿವೃತ್ತರಾದವರು, ಗಿರಿಜಾ ಮೀಸೆ. ತಮ್ಮ ಹೆಸರು ಎಲ್ಲಿದೆ ಎಂದು ನೋಡದೆ ಪತ್ರಿಕೆ ಒಪ್ಪುವ ಕುಳವಲ್ಲ.

ಅಂಗಡಿಯ ಕಂಪ್ಯೂಟರಿನಲ್ಲಿ ಅಕ್ಷರಗಳು ತುಸು ದಪ್ಪವಾಗಿ ತೆರೆದುಕೊಂಡವು. ನನ್ನ ಸೈನ್ಯ ಚೆದುರಿತು. ಬಲಗಡೆ ಕೊನೆಗಿದ್ದ ಈ ಸೋದರಮಾವನವರ ಹೆಸರು ಕೆಳಕ್ಕೆ ಜಾರಿ, ‘ನಮ್ಮ ಅತ್ತಿ ಮದವಿಗೆ ಎಲ್ಲಾರೂ ಬರ್ರಿ’ ಎಂದು ಕರೆಯುವ ಮಕ್ಕಳ ಸಾಲಿನಲ್ಲಿ, ಚಿಂಟು-ಪಿಂಕಿಯರ ಪಕ್ಕ ಕೂತಿತು.

ಅವರು ಕನ್ನಡಕ ಏರಿಸಿ ಓದಿದರು. ಸಂಬಂಧವೇ ಮುರಿಯಿತೆಂದುಕೊಂಡೆ.

“ಏನ್ರಿ ಇದು?”

“ಹೊಸಾ ಡಿಸೈನ್ ಅದ ರೀ ಬೀಗ್ರ,” ಎಂದೆ. “ಭಾಳ ದೊಡ್ಡವರನ್ನ ಸಣ್ಣವರ ಜೋಡಿ ಕೂಡಸ್ತಾರ.”

“ಹೌದೇನ್ರಿ? ಹಂಗಿದ್ರ ನೀವೂ ಬರ್ರಿ ನಮ್ಮ ಬಾಜೂಕ. ಒಬ್ಬಾಂವಗ ಬ್ಯಾಸರ ಆಗತದ.”

ಮೀಸೆಯೊಳಗೆ ನಗುತ್ತಿದ್ದರು. ನಾನು ಮತ್ತೆ ಸ್ಪೇಸ್ ಬಾರ್ ಒತ್ತಿ ನನ್ನ ಹೆಸರನ್ನೂ ಕೆಳಗಿಳಿಸಿದೆ. ಪತ್ರಿಕೆ ಹಾಗೇ ಅಚ್ಚಾಯಿತು.

ಮದುವೆಯ ದಿನ ಐಸ್‌ಕ್ರೀಂ ಮೊದಲು ಮಕ್ಕಳ ಪಂಕ್ತಿಗೆ ಬಂತು; ನಾವಿಬ್ಬರೂ ಅಲ್ಲೇ ಕೂತಿದ್ದೆವು. ಬಡಿಸುವವನು ತಕರಾರು ಮಾಡಿದಾಗ ಬೀಗರು ಜೇಬಿನಿಂದ ಪತ್ರಿಕೆ ತೆಗೆದು ತೋರಿಸಿದರು. ಇಬ್ಬರೂ ಎರಡೆರಡು ತಿಂದೆವು.