ಪೈತುನಳ ಬೆನ್ನು

ಪೈತುನಳಷ್ಟು ಕೆಟ್ಟ ಬಾಯಿ ಯೋಗ್ಯಕಾರ್ತ ಪಟ್ಟಣದ ನಮ್ಮ ಮಾರುಕಟ್ಟೆಯಲ್ಲಿ ಇನ್ನೊಬ್ಬಳಿಗಿರಲಿಲ್ಲ. ಬಟ್ಟೆಯ ಗಂಟು, ತೆಂಗಿನಕಾಯಿ ಚೀಲಗಳನ್ನು ಬೆನ್ನಿಗೆ ಕಟ್ಟಿಕೊಂಡು ಮೆಟ್ಟಿಲು ಹತ್ತುವ ಹಮಾಲಿ ಹೆಂಗಸರು ನಾವು. ನನ್ನ ಗಿರಾಕಿಗಳನ್ನು ಎಷ್ಟು ಸಲ ಕಿತ್ತುಕೊಂಡಿದ್ದಾಳೋ! "ಹೋಗೇ ಆಚೆ, ಸರ್ಜಿನಾ, ನಿನ್ ಕೈಲಿ ಸೊಪ್ಪಿನ ಕಂತೆ ಹೊರೋಕಾಗಲ್ಲ" ಅನ್ನುವಳು. ಅವಳನ್ನು ಕಂಡರೆ ನನಗೆ ಮೈಯೆಲ್ಲ ಉರಿ.

ಕರುಳಿನಲ್ಲಿ ಹುಣ್ಣಾಗಿ ಅವಳಿಗೆ ವರ್ಷಗಟ್ಟಲೆ ರಕ್ತ ಹೋಯಿತು. ಆಸ್ಪತ್ರೆಯವರು ಸ್ಟೀರಾಯ್ಡ್ ಕೊಟ್ಟು ಹುಣ್ಣು ಆರಿಸಿದರು. ಆ ಕಾಯಿಲೆ, ಆ ಔಷಧಿ ಎರಡೂ ಸೇರಿ ಮೂಳೆಯನ್ನು ಒಳಗಿಂದೊಳಗೇ ತಿಂದವು. ಮೂಳೆಯ ಫೋಟೊ ನೋಡಿದ ಡಾಕ್ಟರಮ್ಮ ಹೊರೆ ಮುಟ್ಟಬೇಡ ಎಂದಳು.

"ಹೊರದೆ ಏನ್ ತಿನ್ಲಿ, ನಿಮ್ ಫೋಟೊನಾ?" ಎಂದು ಇವಳು ಎಗರಿಬಿದ್ದಳು. ಜೊತೆಗೆ ಹೋಗಿದ್ದ ನನಗೇ ನಾಚಿಕೆಯಾಯಿತು. ನಾನೇಕೆ ಹೋಗಿದ್ದೆ? ಅವಳಿಗೆ ಬೇರೆ ಯಾರೂ ಇರಲಿಲ್ಲ, ಅಷ್ಟೇ.

ವಾರಕ್ಕೊಂದು ಮಾತ್ರೆ ಬರೆದರು. ಬೆಳಿಗ್ಗೆ ಖಾಲಿ ಹೊಟ್ಟೆಗೆ, ಬರೀ ನೀರಿನಲ್ಲಿ ನುಂಗಬೇಕು, ಆಮೇಲೆ ಅರ್ಧ ಗಂಟೆ ಮಲಗಬಾರದು. ಮೂಳೆ ಗಟ್ಟಿಯಾದರೆ ಹಗುರ ಹೊರೆ ನೋಡೋಣ ಎಂದರು. ಆ ಒಂದೇ ಆಸೆಗೆ ಪೈತುನ್ ಮಾರುಕಟ್ಟೆಯ ಬಾಗಿಲಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಕೂತಳು, ನಮ್ಮನ್ನೆಲ್ಲ ಬೈಯುತ್ತ.

ವರ್ಷ ಕಳೆದು ಮತ್ತೆ ಫೋಟೊ ತೆಗೆದರೆ ಮೂಳೆ ಇನ್ನೂ ಸವೆದಿತ್ತು.

"ಪೈತುನಮ್ಮ, ಮಾತ್ರೆ ತಗೊಂಡ್ರೋ ಇಲ್ವೋ?" ಡಾಕ್ಟರಮ್ಮ ಗದರಿದಳು.

"ನಾಲ್ಕು ವಾರ ನುಂಗ್ದೆ. ಔಷಧಿ ಅಲ್ಲ ಅದು, ಬೆಂಕಿ! ಎದೆಯೆಲ್ಲ ಸುಟ್ಟೋಯ್ತು. ಉಳಿದಿದ್ದು ಚರಂಡಿಗೆ ಹಾಕ್ದೆ."

"ನುಂಗಿದ ಮೇಲೆ ಮಲಗ್ಬೇಡಿ ಅಂದಿದ್ದೆ."

"ಯಾವಳು ಮಲಗಿದ್ಲು? ನುಂಗಿ ನಮಾಜಿಗೆ ನಿಂತೆ. ಹಣೆ ನೆಲಕ್ಕಿಟ್ಟಾಗೆಲ್ಲ ಗಂಟಲಿಗೆ ಕೆಂಡ ಬರ್ತಿತ್ತು. ದೇವರ ಮುಂದೆ ಬಗ್ಗೋದೂ ಮಲಗೋದೇನಮ್ಮಾ?"

ಡಾಕ್ಟರಮ್ಮನೂ ದಿನಾ ಬೆಳಿಗ್ಗೆ ನಮಾಜಿಗೆ ಹಾಗೆಯೇ ಬಗ್ಗುವವಳು. ಒಂದು ಮಾತು, ನಮಾಜು ಮುಗಿಸಿ ನುಂಗು ಅಂತ ಹೇಳುವುದಕ್ಕೆ ಅವಳ ಗಂಟೇನು ಹೋಗುತ್ತಿತ್ತು? ಇನ್ನು ಮಾತ್ರೆ ಬೇಡ, ಮುಂದಿನ ವಾರ ಬಾ, ಮೂಳೆಗೆ ಔಷಧಿಯ ಡ್ರಿಪ್ ಹಾಕುತ್ತೇವೆ ಎಂದು ಕಳಿಸಿದಳು.

ಆ ಸಿಟ್ಟಿನಲ್ಲೇ ಪೈತುನ್ ಮಾರುಕಟ್ಟೆಗೆ ನುಗ್ಗಿದಳು. ನಾನು ಎತ್ತಬೇಕಿದ್ದ ಬಟ್ಟೆಗಂಟಿಗೆ ಕೈ ಹಾಕಿದಳು. ಬೇಡವೇ ಎಂದು ಹಿಡಿದೆಳೆದೆ.

"ವರ್ಷವೆಲ್ಲ ಕಾದಿದ್ದು ಸಾಕು. ಬಿಡೇ!" ಎಂದು ನನ್ನನ್ನು ನೂಕಿ ಎತ್ತಿದಳು. ಮೂರನೇ ಮೆಟ್ಟಿಲಿಗೆ ಬೆನ್ನುಮೂಳೆ ಕುಸಿಯಿತು.

ಡ್ರಿಪ್ಪೇನೋ ಹಾಕಿದರು. ಗಂಟಲು ಸುಡಲಿಲ್ಲ. ಆದರೆ ಅವಳಿಗೆ ಬಗ್ಗುವುದಕ್ಕೇ ಆಗದು. ಒಂದು ಬೆಳಿಗ್ಗೆ ಪ್ಲಾಸ್ಟಿಕ್ ಕುರ್ಚಿ ಹೊತ್ತು ಅವಳ ಮನೆಗೆ ಹೋದೆ.

"ಕುರ್ಚಿ ಮೇಲೆ ನಮಾಜು ಮಾಡೋಕೆ ನಾನೇನ್ ಮುದುಕಿನಾ? ತಗೊಂಡ್ಹೋಗೇ, ದರಿದ್ರದವಳೇ!"

ನಾನೂ ಬಿಡಲಿಲ್ಲ, ಬಾಯಿಗೆ ಬಂದಂತೆ ಬೈದೆ. ಬೈಯುತ್ತಲೇ ಕಂಕುಳಿಗೆ ಕೈಕೊಟ್ಟು ಕೂರಿಸಿದೆ. ಅವಳು ನೆಲ ನೋಡಿದಳು.

"ಹಣೆ ಮುಟ್ಟಲ್ವಲ್ಲೇ, ಸರ್ಜಿನಾ" ಎಂದಳು.