ಧೂಳು ಸೋಕದ ಮೋಟಾರ್ ಸೈಕಲ್ಲು

ಮುರಿಗೆಪ್ಪನವರು ಹಾವಿಗೆ ಹೆದರಿದವರಲ್ಲ, ಮೇಲಧಿಕಾರಿಗೆ ಹೆದರಿದವರಲ್ಲ. ಅವರು ಹೆದರುತ್ತಿದ್ದದ್ದು ಧೂಳಿಗೆ. ಜಾಲಹಳ್ಳಿಯ ಕಾರ್ಖಾನೆಯಲ್ಲಿ ಕೈಗಡಿಯಾರ ಜೋಡಿಸುವ ಕೆಲಸ ಅವರದು. ಬಿಳಿ ಕೋಟು, ಬಿಳಿ ಟೋಪಿ, ಒಂದು ಕಣ್ಣಿಗೆ ಪುಟ್ಟ ಭೂತಗನ್ನಡಿ. ಇಡೀ ದಿನ ಚಿಮುಟ ಹಿಡಿದು ಸಾಸಿವೆ ಗಾತ್ರದ ಚಕ್ರಗಳನ್ನು ಕೂರಿಸಬೇಕು. ಒಂದು ಕಣ ಧೂಳು ಒಳಗೆ ಸೇರಿದರೂ ಗಡಿಯಾರ ನಿಲ್ಲುತ್ತದೆ. ಇಪ್ಪತ್ತು ವರ್ಷ ಈ ಕೆಲಸ ಮಾಡಿದ ಮನುಷ್ಯ ಮನೆಗೆ ಬಂದ ಮೇಲಾದರೂ ಸುಮ್ಮನಿರುತ್ತಾರೆಯೇ? ಕಿಟಕಿ ತೆರೆಯುವ ಹಾಗಿಲ್ಲ, ಕಂಬಳಿ ಕೊಡವುವ ಹಾಗಿಲ್ಲ. ನಾನು ಎದುರು ಕ್ವಾರ್ಟರ್ಸಿನವಳು, ಒಂದು ಲೋಟ ಸಕ್ಕರೆ ಕೇಳಲು ಹೋದರೂ ಮೊದಲು ನನ್ನ ಪಾದ ನೋಡುತ್ತಿದ್ದರು, ಆಮೇಲೆ ಮುಖ.

ಇಂಥವರು ಮೋಟಾರ್ ಸೈಕಲ್ ಹತ್ತಿ ರಾಜಸ್ಥಾನದ ಮರಳುಗಾಡಿಗೆ ಹೊರಟರು ಅಂದರೆ ಅದಕ್ಕೆ ಅವರ ಹೆಂಡತಿ ಕಾಶವ್ವನೇ ಕಾರಣ. ಬಿಜಾಪುರದ ಎರೆಸೀಮೆಯಲ್ಲಿ ಹುಟ್ಟಿದವಳು ಅವಳು. ಮಗಳು ಮದುವೆಯಾಗಿ ಧಾರವಾಡ ಸೇರಿದ ಮೇಲೆ ಅವಳಿಗೆ ಮನೆಯಲ್ಲಿ ಉಸಿರು ಕಟ್ಟುತ್ತಿತ್ತು. "ನಮ್ಮೂರಾಗ ಬಾಗಲಾ ತಗದ್ರ ಕಣ್ಣು ಹೋದಷ್ಟು ದೂರ ಹೋಗೂದು ನೋಡ್ರಿ ಅಕ್ಕಾರ. ಇಲ್ಲಿ ಬಾಗಲಾ ತಗದ್ರ ನಿಮ್ಮ ಒಗ್ಗರಣಿ ಡಬ್ಬಿ ಕಾಣ್ತೈತಿ" ಎಂದು ನನ್ನ ಮುಖಕ್ಕೇ ಹೇಳಿದ್ದಳು. ಕೋಪ ಬಂತು, ಆದರೆ ಮಾತು ಸುಳ್ಳಾಗಿರಲಿಲ್ಲ.

ಎಪ್ಪತ್ತೊಂಬತ್ತರಲ್ಲಿ ಮುರಿಗೆಪ್ಪನವರು ಯಶವಂತಪುರದ ಯಾರಿಂದಲೋ ಒಂದು ಹಳೇ ಜಾವಾ ಕೊಂಡು ತಂದರು. ಗಾಡಿ ತಂದ ದಿನ ಗಂಡಸರು ಏನು ಕೇಳಿದರೂ ಹೂಂ ಅನ್ನುತ್ತಾರೆ. ಕಾಶವ್ವ ಗೋಡೆಯ ಕ್ಯಾಲೆಂಡರ್ ತೋರಿಸಿದಳು. ಅದರಲ್ಲಿ ಬರೀ ಮರಳು, ಮರಳಿನ ಮೇಲೆ ಒಂದು ಒಂಟೆ. "ನನ್ನ ಇಲ್ಲಿಗೆ ಕರ್ಕೊಂಡ ಹೋಗ್ರಿ" ಅಂದಳು. "ಇದ ಗಾಡಿ ಮ್ಯಾಲ ಹೋಗೂಣು, ನಾನು, ನೀನು" ಅಂದರು ಮುರಿಗೆಪ್ಪನವರು. ನಾನು ಅಲ್ಲೇ ನಿಂತಿದ್ದೆ, ಕಿವಿಯಾರೆ ಕೇಳಿದೆ. ಕಾಶವ್ವ ಆ ಮಾತನ್ನು ಸೆರಗಿನ ತುದಿಗೆ ಕಟ್ಟಿಟ್ಟುಕೊಂಡಳು. ವರ್ಷ ಮುಗಿದರೂ ಆ ಕ್ಯಾಲೆಂಡರ್ ಗೋಡೆಯಿಂದ ಇಳಿಯಲಿಲ್ಲ.

ಅವರಿಬ್ಬರನ್ನೇ ಬಿಟ್ಟಿದ್ದರೆ ಮುಂದಿನ ಚಳಿಗಾಲಕ್ಕೇ ಹೋಗಿ ಬಂದುಬಿಡುತ್ತಿದ್ದರೋ ಏನೋ. ಆದರೆ ಸಲಹೆಗಾರರು ಹುಟ್ಟಿಕೊಂಡರು. ಒಬ್ಬರು ನಮ್ಮ ಯಜಮಾನರು, ಆನಂದಪ್ಪ, ಅದೇ ಕಾರ್ಖಾನೆಯ ಉಗ್ರಾಣದಲ್ಲಿದ್ದವರು. ಇನ್ನೊಬ್ಬರು ಬ್ಯಾಟರಾಯನಪುರದ ಮುನಿರಾಮಯ್ಯ, ಫಿಟ್ಟರು. ಇಬ್ಬರೂ ತಿರುಪತಿಯಿಂದ ಆಚೆ ಕಾಲಿಟ್ಟವರಲ್ಲ, ಆದರೆ ಮರಳುಗಾಡಿನ ಬಗ್ಗೆ ಅವರಿಗೆ ತಿಳಿಯದ ವಿಷಯವೇ ಇರಲಿಲ್ಲ. ಪಾಳಿ ಮುಗಿಸಿ ಬಂದವರು ಸೀದಾ ಆ ಗಾಡಿಯ ಸುತ್ತ ಕೂರುತ್ತಿದ್ದರು. ಚಹಾ ನಮ್ಮ ಮನೆಯದು, ಮಂಡಕ್ಕಿ ಕಾಶವ್ವನದು.

ಮುನಿರಾಮಯ್ಯ ಅಂದರು, "ಅಲ್ಲಿ ನೂರು ಮೈಲಿ ಓದ್ರೂ ಪೆಟ್ರೋಲ್ ಸಿಗಾಕಿಲ್ಲ. ಡಬ್ಬ ಕಟ್ಕೊಂಡೇ ಓಗ್ಬೇಕು." ಡಬ್ಬ ಬಿಗಿಯಲು ಜಾಗ ಬೇಕಲ್ಲ? ಹಿಂದೆ ಕೂರುವವರು ಕಾಲಿಡುವ ಸಲಾಕೆಗಳನ್ನು ಬಿಚ್ಚಿದರು. ನಮ್ಮ ಯಜಮಾನರು ಅಂದರು, "ಟೂಲ್ ಬಾಕ್ಸ್ ದೊಡ್ಡದಿರ್ಬೇಕು ಗುರು." ಸೀರೆ ಸಿಕ್ಕಿಕೊಳ್ಳದ ಹಾಗೆ ಚಕ್ರದ ಪಕ್ಕಕ್ಕಿದ್ದ ಜಾಲರಿ ಹೋಗಿ ಆ ಜಾಗಕ್ಕೆ ಕಬ್ಬಿಣದ ಪೆಟ್ಟಿಗೆ ಬಂತು. ಆಮೇಲೆ ಹೆಚ್ಚುವರಿ ಟೈರು, ಅದಕ್ಕಾಗಿ ಹಿಂದಿನ ಸೀಟು ಅರ್ಧವಾಯಿತು. ಏನೇ ಹೊಸದು ಬರಲಿ, ಅದಕ್ಕೆ ಜಾಗ ಸಿಗುತ್ತಿದ್ದದ್ದು ಕಾಶವ್ವನ ಕಡೆಯಿಂದಲೇ. ಮುರಿಗೆಪ್ಪನವರ ಸೀಟಿನಿಂದ ಒಂದು ಮೊಳೆ ಕೂಡ ಕದಲಲಿಲ್ಲ.

ಕಾಶವ್ವ ಕೇಳುತ್ತಲೇ ಇದ್ದಳು. "ಕಡೀಗೆ ಹೊಂದಸ್ತೀವಿ ಬಿಡ" ಅನ್ನುತ್ತಿದ್ದರು ಗಂಡ. ಅವಳೂ ನಂಬಿದಳು. ಜಾಲರಿ ಹೋದ ದಿನ, "ಹೋಗ್ಲಿ ಬಿಡ್ರಿ ಅಕ್ಕಾರ, ನಾ ಹೊಲದಾಗ ಉಟ್ಟಂಗ ಕಚ್ಚಿ ಹಾಕಿ ಉಟ್ಕೊಂಡು ಗಂಡಸರಂಗ ಕುಂದರ್ತೀನಿ" ಎಂದು ನಕ್ಕಳು. ಅರ್ಧ ಸೀಟು ಹೋದ ದಿನ, ಉಳಿದರ್ಧದಲ್ಲಿ ಹಿಡಿಸಬೇಕಲ್ಲ ಎಂದು ರಾತ್ರಿ ಒಂದು ರೊಟ್ಟಿ ಕಡಿಮೆ ಮಾಡಿದಳು.

ಕೊನೆಗೆ, ಕಾಶವ್ವ ಮಗಳ ಮನೆಗೆ ಹೋಗಿದ್ದಾಗ, ನೀರಿನ ಡ್ರಮ್ಮಿನ ವಿಷಯ ಬಂತು. ನಮ್ಮ ಯಜಮಾನರ ತಲೆಯಲ್ಲೇ ಹುಟ್ಟಿದ್ದು. ಮರಳುಗಾಡಿನಲ್ಲಿ ನೀರಿಲ್ಲದೆ ಸತ್ತವರ ಕಥೆ ಹೇಳಿ ಹೇಳಿ ಎಲ್ಲರ ಬಾಯಿ ಒಣಗಿಸಿದರು. ಡ್ರಮ್ಮು ಕೂರಬೇಕಾದರೆ ಹಿಂದಿನ ಸೀಟು ಪೂರಾ ಹೋಗಬೇಕು.

"ಹಾಗಾದ್ರೆ ಕಾಶವ್ವ ಎಲ್ಲಿ ಕೂತ್ಕೋಬೇಕು?" ಅಂದೆ.

"ಇವೆಲ್ಲ ಟೆಕ್ನಿಕಲ್ ವಿಷಯ, ನಿಂಗೆ ಅರ್ಥ ಆಗಲ್ಲ ಕಣೇ" ಅಂದರು.

ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. ಆದರೆ ಮುರಿಗೆಪ್ಪನವರಿಗೆ ಮರಳು ಕನಸಿನಲ್ಲಿ ಬರತೊಡಗಿತ್ತು. ಗಡಿಯಾರಕ್ಕೆ ಮಾಡುವುದನ್ನೇ ಗಾಡಿಗೂ ಮಾಡಿದರು. ಸಂದುಗೊಂದಿಗೆಲ್ಲ ರಬ್ಬರ್ ಉಂಗುರ ಕೂರಿಸಿದರು. ಇಂಜಿನ್ನು ಗಾಳಿ ಎಳೆದುಕೊಳ್ಳುವ ಕೊಳವೆಯ ಬಾಯಿಗೆ ಪದರ ಪದರವಾಗಿ ತೆಳು ಬಟ್ಟೆ, ಅದರ ಮೇಲೆ ಕಂಬಳಿಯ ತುಂಡು ತುರುಕಿ, ತಂತಿ ಬಿಗಿದು, ಭೂತಗನ್ನಡಿ ಹಚ್ಚಿ ಪರೀಕ್ಷೆ ಮಾಡಿದರು. "ಇನ್ನ ಒಂದ ಕಣ ಒಳಗ ಹೋಗಾಂಗಿಲ್ಲ" ಅಂದರು. ಅದು ನಿಜವೇ. ಓಡಿಸಿ ನೋಡೋಣವೆಂದರೆ ಬೀದಿಯಲ್ಲಿ ಧೂಳು! ಆದ್ದರಿಂದ ಗಾಡಿಯ ಮೇಲೆ ದುಪ್ಪಟಿ ಹೊದಿಸಿ ವರಾಂಡದಲ್ಲಿ ನಿಲ್ಲಿಸಿದರು. ಮುಟ್ಟುವ ಹಾಗಿಲ್ಲ, ದುಪ್ಪಟಿ ಎತ್ತುವ ಹಾಗಿಲ್ಲ. ಹೀಗಾಗಿ ಡ್ರಮ್ಮು ಎಲ್ಲಿ ಕೂತಿದೆಯೆಂದು ಕಾಶವ್ವ ನೋಡಲೇ ಇಲ್ಲ, ಹೇಳುವ ಧೈರ್ಯ ನನಗೂ ಬರಲಿಲ್ಲ.

ಎಂಬತ್ನಾಲ್ಕರ ಸಂಕ್ರಾಂತಿ ಕಳೆದ ಭಾನುವಾರ ಹೊರಡುವುದೆಂದಾಯಿತು. ಮುನಿರಾಮಯ್ಯ ಅಡ್ಡ ನಿಂತರು. "ಮೊದಲ್ನೇ ಕಾಯಿ ನಮ್ಮೂರ ಅಮ್ಮನ ಮುಂದೆ ಒಡೀಬೇಕು. ಇಂಗೇ ಸುಮ್ನೆ ಒಂಟೋದ್ರೆ ಒಳ್ಳೇದಾಯ್ತದಾ?" ಸರಿ, ಬ್ಯಾಟರಾಯನಪುರದಲ್ಲಿ ಪೂಜೆ ಮುಗಿಸಿ ಬಳ್ಳಾರಿ ರಸ್ತೆ ಹಿಡಿದು ಉತ್ತರಕ್ಕೆ ಹೋಗುವುದು. ಆದರೆ ಜಾಲಹಳ್ಳಿಯಿಂದ ಬ್ಯಾಟರಾಯನಪುರದವರೆಗೆ ಗಾಡಿ ಓಡಿಸಿದರೆ ಪೂಜೆಗೆ ಮೊದಲೇ ಧೂಳಾಗುತ್ತದಲ್ಲ! ಒಂದು ಲಾರಿ ಗೊತ್ತು ಮಾಡಿದರು. ಮರಳುಗಾಡು ದಾಟಬೇಕಾದ ಗಾಡಿ ಟಾರ್ಪಾಲಿನ್ ಹೊದ್ದು ಲಾರಿಯಲ್ಲಿ ಮಲಗಿ ಹೆಬ್ಬಾಳ ದಾಟಿತು. ನಾವೆಲ್ಲ ಅದರ ಸುತ್ತ ಕೂತು ಕೆಮ್ಮುತ್ತಾ ಹೋದೆವು. ಕಾಶವ್ವ ಇಳಕಲ್ ಸೀರೆ ಕಚ್ಚೆ ಹಾಕಿ ಉಟ್ಟಿದ್ದಳು. ತೊಡೆಯ ಮೇಲೆ ಕಡಕ್ ರೊಟ್ಟಿ, ಶೇಂಗಾ ಚಟ್ನಿಯ ಗಂಟು, ಪಕ್ಕದಲ್ಲಿ ಹಳೇ ಸೀರೆ ಸೇರಿಸಿ ಅವಳೇ ಹೊಲಿದ ಕೌದಿ. ಅಷ್ಟು ಸಂತೋಷದ ಮುಖವನ್ನು ನಾನು ಕ್ವಾರ್ಟರ್ಸಿನಲ್ಲಿ ಯಾರ ಮೇಲೂ ಕಂಡಿರಲಿಲ್ಲ.

ಗುಡಿಯ ಮುಂದೆ ಗಾಡಿ ಇಳಿಸಿ ಹೊದಿಕೆ ತೆಗೆದರು. ಮುರಿಗೆಪ್ಪನವರಿಗೆ ಹಾರ, ಗಾಡಿಗೆ ಹಾರ, ಡ್ರಮ್ಮಿಗೂ ಹಾರ. ಕಾಯಿ ಒಡೆದರು. ಕಾಶವ್ವ ಗಂಟು ಹಿಡಿದು ಗಾಡಿಯ ಸುತ್ತ ಒಂದು ಸುತ್ತು ಬಂದಳು.

"ನಾ ಎಲ್ಲಿ ಕುಂದರ್ಲಿ?" ಅಂದಳು.

ನಮ್ಮ ಯಜಮಾನರು ಡ್ರಮ್ಮಿನ ಹಾರ ಸರಿಮಾಡುತ್ತಾ, "ಈ ಸಲ ಟ್ರಯಲ್ ಅಂದ್ಕೊಳಮ್ಮಾ. ಮುಂದಿನ ಸಲ ನೀನು" ಅಂದರು. ಮುರಿಗೆಪ್ಪನವರು ಡ್ರಮ್ಮನ್ನೊಮ್ಮೆ ನೋಡಿದರು, ಹೆಂಡತಿಯನ್ನೊಮ್ಮೆ ನೋಡಿದರು. ಕುತ್ತಿಗೆಯಲ್ಲಿ ಹಾರವಿತ್ತು, ಊರಿನ ಜನ ನೆರೆದಿದ್ದರು, ಫೋಟೋ ತೆಗೆದಾಗಿತ್ತು. ಗಾಡಿ ಹತ್ತಿ ಕಿಕ್ಕರ್ ಒದ್ದರು. ಕಾಶವ್ವ ಅಳಲಿಲ್ಲ. ಗಂಟನ್ನು ಎದೆಗೆ ಒತ್ತಿಕೊಂಡು ನಿಂತಳು. ನನಗೆ ನನ್ನ ಗಂಡನನ್ನು ಆ ಡ್ರಮ್ಮಿನಲ್ಲೇ ಮುಳುಗಿಸಬೇಕು ಅನ್ನಿಸಿತು.

ಗಾಡಿ ಹೊರಟಿತು. ಗೂರಲು ಹಿಡಿದ ಮುದುಕನ ಹಾಗೆ ಏದುಸಿರು ಬಿಡುತ್ತಾ, ಹೊಗೆ ಕಾರುತ್ತಾ, ಜಕ್ಕೂರಿನ ತಿರುವಿನವರೆಗೆ ಹೋಗಿ ನಿಂತುಬಿಟ್ಟಿತು. ನಾವೆಲ್ಲ ಹಿಂದೆಯೇ ಓಡಿದೆವು.

ಒದ್ದರು, ಮತ್ತೆ ಒದ್ದರು. ಭಾರ ಹೆಚ್ಚಾಯಿತು ಅಂದರು ಮುನಿರಾಮಯ್ಯ. ಡ್ರಮ್ಮು ನಿಮ್ಮದು, ಡಬ್ಬ ನಿಮ್ಮದು ಎಂದು ಅವರಿಗೂ ನಮ್ಮ ಯಜಮಾನರಿಗೂ ರಸ್ತೆಯಲ್ಲೇ ಜಗಳ ಹತ್ತಿತು. ಜಗಳವಾಡುತ್ತಲೇ ಡ್ರಮ್ಮು ಬಿಚ್ಚಿದರು, ಡಬ್ಬ ಇಳಿಸಿದರು, ಟೈರು ಇಳಿಸಿದರು. ಆದರೂ ಗಾಡಿ ಏಳಲಿಲ್ಲ. ಅಷ್ಟರಲ್ಲಿ ಡ್ರಮ್ಮು ಕೂತಿದ್ದ ಕಬ್ಬಿಣದ ತಟ್ಟೆಯ ಮೇಲೆ ಕಾಶವ್ವ ಕೌದಿ ಮಡಿಸಿ ಹಾಸಿದಳು, ಡ್ರಮ್ಮಿನ ಹಗ್ಗದಲ್ಲೇ ಅದನ್ನು ಬಿಗಿದಳು, ಕಾಲು ಆಚೆ ಈಚೆ ಹಾಕಿ ಗಟ್ಟಿಯಾಗಿ ಕೂತಳು.

"ಹಚ್ರಿ ಗಾಡಿ" ಅಂದಳು.

"ಹತ್ತವಲ್ದು" ಅಂದರು ಮುರಿಗೆಪ್ಪನವರು.

ಆಗಲೇ ಯಲಹಂಕದ ಕಡೆಯಿಂದ ಕಲ್ಲುಪುಡಿ ತುಂಬಿದ ಲಾರಿಯೊಂದು ಬಂತು. ನಮ್ಮನ್ನು ಸವರಿಕೊಂಡೇ ಹೋಯಿತು. ಕಣ್ಣು ಬಿಟ್ಟಾಗ ನಾವೆಲ್ಲ ಬೂದುಗುಂಬಳಕಾಯಿಗಳಾಗಿದ್ದೆವು. ಎರಡು ವರ್ಷ ದುಪ್ಪಟಿಯ ಒಳಗಿದ್ದ ಜಾವಾ ಚಕ್ರದಿಂದ ಹ್ಯಾಂಡಲಿನವರೆಗೆ ಬೆಳ್ಳಗಾಗಿತ್ತು. ಮುರಿಗೆಪ್ಪನವರು ಕೈಯಲ್ಲಿದ್ದ ಒರೆಸುವ ಬಟ್ಟೆ ನೋಡಿದರು. ಅದರ ಮೇಲೂ ಧೂಳು. ಹಿಂದೆ ತಿರುಗಿ ನೋಡಿದರು. ರೆಪ್ಪೆಯೂ ಬಿಳಿಯಾಗಿ ಕೂತಿದ್ದ ಕಾಶವ್ವ ನಗುತ್ತಿದ್ದಳು. "ನಮ್ಮೂರ ನೆನಪಾತ್ರಿ" ಅಂದಳು.

ಇನ್ನು ಕಾಪಾಡುವುದಕ್ಕೆ ಏನೂ ಉಳಿದಿರಲಿಲ್ಲ. ಮುರಿಗೆಪ್ಪನವರು ಕುಕ್ಕರಗಾಲಲ್ಲಿ ಕೂತು ಕೊಳವೆಯ ತಂತಿ ಬಿಚ್ಚಿದರು. ಕಂಬಳಿ ಎಳೆದರು, ಬಟ್ಟೆಯ ಪದರಗಳನ್ನು ಎಳೆದರು, ಎಲ್ಲವನ್ನೂ ಮೋರಿಗೆ ಎಸೆದರು. ಎದ್ದು ಒಂದೇ ಸಲ ಒದ್ದರು. ಗಾಡಿ ಗುಡುಗಿತು. ಅಷ್ಟು ದಿನ ಅದಕ್ಕೆ ಬೇಕಾಗಿದ್ದದ್ದು ಉಸಿರು.

"ಅಯ್ಯೋ ಗುರುವೇ, ನೀರು!" ಎಂದು ನಮ್ಮ ಯಜಮಾನರು ಡ್ರಮ್ಮು ತಬ್ಬಿಕೊಂಡು ಕೂಗಿದರು.

"ದಾರ್ಯಾಗ ಮಂದಿ ಅದಾರ ಅಣ್ಣಾರ, ಕೊಡ್ತಾರ" ಅಂದಳು ಕಾಶವ್ವ. ಹೋದರು, ಇಬ್ಬರೂ.

ನಾವು ಬಂದ ಲಾರಿ ಆಗಲೇ ಹೊರಟುಹೋಗಿತ್ತು. ಡ್ರಮ್ಮನ್ನು ಸಿಟಿ ಬಸ್ಸಿನಲ್ಲಿ ತಂದೆವು, ಕಂಡಕ್ಟರ್ ಅದಕ್ಕೂ ಟಿಕೇಟು ಹರಿದ. ಅದು ನಮ್ಮ ವರಾಂಡದಲ್ಲಿ, ನಾನು ದಿನಾ ಕೂತು ಅಕ್ಕಿ ಆರಿಸುತ್ತಿದ್ದ ಮೂಲೆಯಲ್ಲಿ ಬಂದು ಕೂತಿತು.

ಅವರು ಮರಳಿ ಬಂದದ್ದು ಶಿವರಾತ್ರಿಯ ಹೊತ್ತಿಗೆ, ಇಬ್ಬರೂ ಕಪ್ಪಗೆ ಸುಟ್ಟು. ಗಾಡಿ ಮೂರು ಕಡೆ ಕೈಕೊಟ್ಟಿತ್ತಂತೆ. ಒಂದು ಸಲ ಒಂಟೆಗಾಡಿಯ ಮೇಲೆ ಹೇರಿಕೊಂಡು ಹೋದರಂತೆ. "ಅಲ್ಲೀ ಮಂದಿ ತಾವ ಕೊಡ ಹೊತ್ತು ದೂರದಿಂದ ತಂದ ನೀರು ಅಕ್ಕಾರ, ಮೊದಲ ನಮಗ ಕೊಟ್ರು. ಆಮ್ಯಾಲೆ ತಾವ ಕುಡದ್ರು" ಅಂದಳು ಕಾಶವ್ವ. ಜೈಸಲ್ಮೇರ್ ದಾಟಿ ಒಂದು ಮರಳ ದಿಬ್ಬದ ಮೇಲೆ ಸಂಜೆಯವರೆಗೂ ಕೂತಿದ್ದಳಂತೆ. "ಕಣ್ಣಿಗೆ ಏನಂದ್ರ ಏನೂ ಅಡ್ಡ ಬರಲಿಲ್ಲ ನೋಡ್ರಿ. ಅಳು ಬಂದಬಿಟ್ತು. ಇವರು ಬಾಜೂಕ ಕುಂತು ಭೂತಗನ್ನಡಿ ಹಚ್ಕೊಂಡು ಮಳಲು ನೋಡಾಕತ್ತಿದ್ರು. ಒಂದರಂಗ ಒಂದಿಲ್ಲ ನೋಡ ಅಂದ್ರು."

ಇತ್ತ ಕ್ಯಾಂಟೀನಿನಲ್ಲಿ ನಮ್ಮ ಯಜಮಾನರ ಮೆರೆದಾಟ ಹೇಳತೀರದು. ನಾಲ್ಕು ವರ್ಷದ ತಯಾರಿ ಇಲ್ಲದಿದ್ದರೆ ಅವರು ಜೀವಂತ ಬರುತ್ತಿದ್ದರೇ ಎಂದು ಎಲ್ಲರನ್ನೂ ಕೇಳುತ್ತಿದ್ದರು. ಮುಂದಿನ ಭಾನುವಾರ ಮುನಿರಾಮಯ್ಯನವರನ್ನು ಕಟ್ಟಿಕೊಂಡು ಮುರಿಗೆಪ್ಪನವರ ವರಾಂಡಕ್ಕೆ ಹೋದರು, ನಾನೂ ಹೋದೆ. ಗಾಡಿಯ ಮೇಲೆ ದುಪ್ಪಟಿ ಇರಲಿಲ್ಲ. ಹಿಂದೆ ಹೊಸ ಸೀಟು ಬಂದಿತ್ತು. ಬಾರ್ಮೇರಿನ ಹತ್ತಿರ ಒಂಟೆಗಾಡಿ ಮಾಡುವ ಬಡಗಿಯೊಬ್ಬ ಮಾಡಿಕೊಟ್ಟದ್ದು. ಮರದ ಹಲಗೆ, ಅದರ ಮೇಲೆ ಹತ್ತಿ ತುಂಬಿ ಚರ್ಮ ಹೊದಿಸಿ, ಮುಂದಿನ ಸೀಟಿಗಿಂತ ಅಗಲವಾಗಿತ್ತು.

"ಮುಂದಿನ ವರ್ಷ ಹಿಮಾಲಯ ಗುರು!" ಅಂದರು ನಮ್ಮ ಯಜಮಾನರು. "ಅಲ್ಲಿ ಗಾಳಿ ಕಮ್ಮಿ, ಆಕ್ಸಿಜನ್ ಸಿಲಿಂಡರ್ ಬೇಕೇ ಬೇಕು. ಎಲ್ಲಿ ಇಡೋದು ಅಂದ್ರೆ..." ಎನ್ನುತ್ತಾ ಆ ಹಿಂದಿನ ಸೀಟಿನ ಮೇಲೆ ಗೇಣು ಹಾಕಿ ಅಳೆಯತೊಡಗಿದರು.

"ಆನಂದಪ್ಪಾರ" ಅಂದರು ಮುರಿಗೆಪ್ಪನವರು. "ಅದು ಆಕೀ ಜಾಗ. ಕೈ ತಗೀರಿ."

ಒಳಗೆ ಮಂಡಕ್ಕಿ ಕಲಸುತ್ತಿದ್ದ ಕಾಶವ್ವನ ಕೈ ನಿಂತಿತು. ನಮ್ಮ ಯಜಮಾನರ ಕೈಯೂ ಹಿಂದೆ ಬಂತು.

ಮನೆಗೆ ಬಂದು ಪೇಪರ್ ಬಿಡಿಸಿಕೊಂಡು ಕೂತರು. ನಾನು ಅಕ್ಕಿಯ ಮೊರ ತಂದು ವರಾಂಡದಲ್ಲಿ ನಿಂತೆ. "ರೀ, ಈ ಡ್ರಮ್ ಎತ್ತಿ" ಅಂದೆ. ಎಲ್ಲಿ ಇಡಲಿ ಎಂದು ಕೇಳಿದರು. ಎಲ್ಲಾದರೂ ಇಡಿ, ನಾನು ಕೂತ್ಕೋಬೇಕು ಅಂದೆ.