ಬೀಸುವ ಹಾಡಿಗೆ ಬೇರೆ ನೆಲ

ನನ್ನ ಬೀಸುವ ಹಾಡನ್ನು ಯಾರೂ ಕೆಡಿಸಲಿಲ್ಲ. ಮೊಮ್ಮಗಳು ಅದರ ಕೆಳಗಿನ ನೆಲ ಬದಲಿಸಿದಳು, ನಾನು ಎಡವಿದೆ. ನಡೆದದ್ದು ಇಷ್ಟೇ.

ಅವಳು ನನ್ನ ಮಗಳ ಮಗಳು. ಬಸವನ ಬಾಗೇವಾಡಿಯ ಕಾಲೇಜಿನಲ್ಲಿ ಓದುತ್ತಾಳೆ, ಕೀಬೋರ್ಡ್ ನುಡಿಸುತ್ತಾಳೆ. ಮುದ್ದೇಬಿಹಾಳದ ಸ್ಪರ್ಧೆಗೆ ಸ್ವಂತ ರಾಗ ಕಟ್ಟಿ ಒಯ್ಯಬೇಕಿತ್ತು. ಹಿಂದಿನ ದಿನ ಕೀಬೋರ್ಡ್ ಹೊತ್ತು ನಿಡಗುಂದಿಯ ನಮ್ಮ ಮನೆಗೆ ಬಂದಳು.

“ಆಯಿ, ಜಾಝ್ ನುಡಸವ್ರು ಎಲ್ಲಾರಿಗೂ ಗೊತ್ತಿರೋ ಹಾಡು ತಗೋತಾರ. ಮ್ಯಾಲಿನ ರಾಗ ಹಂಗ ಇಟ್ಟು, ಎಡಗೈಲೆ ಒತ್ತೋ ಸ್ವರ ಬದಲಿ ಮಾಡ್ತಾರ. ಕಡೀಕ ಹಳೇ ರಾಗಾನೂ ಬಿಟ್ಟು ಹೊಸಾದು ಕಟ್ತಾರ.”

“ಮದಲ ಪಾಯಾ ಬದಲಿ, ಆಮ್ಯಾಲ ಮನೀನೂ ಬದಲಿ. ನಂದೇನ್ ಉಳೀತವಾ?”

“ಅಂಗಳ,” ಎಂದು ನಕ್ಕಳು. “ನಿನ್ನ ಬೀಸೋ ಹಾಡು ಹಾಡು, ಕೆಳಗಿನ ಸ್ವರ ನಾ ಬದಲಿ ಮಾಡ್ತೀನಿ.”

ನಾನು ಹಾಡಿದೆ. ಮೂರನೆಯ ಸಾಲಿಗೆ ಅವಳ ಎಡಗೈ ಎಲ್ಲಿಗೋ ಹೋಯಿತು, ನನ್ನ ಗಂಟಲು ಅದರ ಬೆನ್ನು ಹತ್ತಿತು. ಬೀಸುವವರ ಚಾಳಿ ಅದು: ಎದುರಿಗೆ ಕೂತವಳು ದನಿ ಎಳೆದ ಕಡೆಗೆ ಹೋಗುವುದು. ಮತ್ತೆ ಹಾಡಿದೆ, ಮತ್ತೆ ಜಾರಿದೆ.

“ಹಾಡೇ ನಿಲ್ಲವಲ್ದು ಅಂದ್ರ ನಾ ಕಟ್ಟಿದ್ದ ತಪ್ಪು. ನಾಳೆ ಹೋಗಂಗಿಲ್ಲ ನಾ,” ಎಂದು ಕೀಬೋರ್ಡಿನ ವೈರು ಕಿತ್ತಳು.

“ಅಳಬ್ಯಾಡ, ಮಾರಿ ಚಲೋ ಕಾಣವಲ್ದು. ಮೂಲ್ಯಾಗಿನ ಬೀಸುಕಲ್ಲು ಎಳಿ ಇತ್ತಾಗ.”

ಜೋಳ ಹಾಕಿ ಹಾಡಿದೆ. ಅದೇ ಹಾಡನ್ನು ಕಡಲೆಬೇಳೆ ಹಾಕಿ ಹಾಡಿದೆ. ಕಲ್ಲಿನ ದನಿ ದಪ್ಪವಾಯಿತು. ತವರನ್ನು ನೆನೆಯುವ ಹುಡುಗಿಯ ಹಾಡು, ಗಂಡನ ಜೊತೆ ಜಗಳಕ್ಕೆ ನಿಂತವಳ ಹಾಡಿನಂತೆ ಕೇಳಿತು. ರಾಗ ಮಾತ್ರ ಕೂದಲೆಳೆಯಷ್ಟೂ ಸರಿದಿರಲಿಲ್ಲ. ಕಲ್ಲು ಹೇಗೆ ಗುಂಯ್‌ಗುಟ್ಟಿದರೂ ನಾನು ಎಂದೂ ತಪ್ಪಿದವಳಲ್ಲ. ಗೂಟ ತಿರುಗಿಸುವ ಕೈಯೇ ಹಾಡನ್ನು ಹಿಡಿದುಕೊಂಡಿತ್ತು.

“ವೈರು ಹಾಕು,” ಎಂದೆ.

ಬರಿಗೈಯನ್ನೇ ಗಾಳಿಯಲ್ಲಿ ತಿರುಗಿಸುತ್ತ ಹಾಡಿದೆ. ಮೂರನೆಯ ಸಾಲು ಬಂತು, ಕೆಳಗೆ ನೆಲ ಸರಿಯಿತು, ನಾನು ನಿಂತೇ ಇದ್ದೆ.

“ಈಗ ಬಾಯಿ ಮುಚ್ಚು ಆಯಿ. ಕೈ ನಿಂದ್ರಸಬ್ಯಾಡ.”

ಎಡಗೈ ಅವೇ ಸ್ವರ ಒತ್ತುತ್ತಿದ್ದಂತೆ ಅವಳ ಬಲಗೈಯಲ್ಲಿ ಹೊಸ ರಾಗ ಎದ್ದಿತು. ಅದರಲ್ಲಿ ನನ್ನ ಹಾಡಿನ ತುಣುಕೂ ಇರಲಿಲ್ಲ. ಆದರೂ ನನ್ನ ಕೈ ಎಲ್ಲಿಯೂ ಮುಗ್ಗರಿಸದೆ ತಿರುಗುತ್ತಲೇ ಇತ್ತು. “ಇನ್ನೊಮ್ಮಿ ಬಾರ್ಸು,” ಎಂದೆ. ಆಮೇಲೆ ಇನ್ನೊಮ್ಮೆ. ಒಲೆಯ ಮೇಲಿನ ಬೇಳೆ ಸೀದ ವಾಸನೆ ಬಂದರೂ ಇಬ್ಬರೂ ಏಳಲಿಲ್ಲ.

ಮರುದಿನ ಮುಂಜಾನೆ ಅವಳನ್ನು ಮುದ್ದೇಬಿಹಾಳದ ಬಸ್ಸು ಹತ್ತಿಸಿ ಬಂದೆ. ಗಿರಣಿಗೆಂದು ಕಟ್ಟಿಟ್ಟಿದ್ದ ಜೋಳ ಬಿಚ್ಚಿ ಕಲ್ಲಿಗೆ ಹಾಕಿದೆ. ನನ್ನ ಹಾಡಿನ ಮಾತುಗಳನ್ನು ಅವಳ ರಾಗಕ್ಕೆ ಕೂಡಿಸಿಕೊಂಡು ಬೀಸಿದೆ.